ಶಿವರಾಂಪೇಟೆಯ ಕ್ಯಾಸೆಟ್ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್

ಹಳೆ ಕ್ಯಾಸೆಟ್, ಸಿಡಿಗಳಲ್ಲಿರುವುದನ್ನು ಕಂಪ್ಯೂಟರ್ ಫೈಲ್ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಡುವ ಅಂಗಡಿ ಇದು. ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಹಾಕುವುದಿಲ್ಲ. ಅವರೇ ಬೇಡ ಅಂದರು. ವಿಡಿಯೊ ಕ್ಯಾಸೆಟ್ ಓಡಿಸುವ ವಿಸಿಆರ್ ಮೆಷಿನ್, ಕೆಲಸ ಮಾಡುವಂಥದ್ದು, ಅವರ ಹತ್ತಿರ ಇರುವುದೇ ಎರಡು. ಅದರಲ್ಲಿ ಒಂದರ ಹೆಡ್, ಅಂದರೆ ಟೇಪು ಓದುವ ಭಾಗ, ಸವೆದಿದೆ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲೇ ನಿಲ್ಲಿಸಿಬಿಟ್ಟಿತು. ಹಾಗಾಗಿ ಇವರು ಕೆಟ್ಟುಹೋದ ಮೆಷಿನ್‌ಗಳನ್ನು ಗುಜರಿಯಿಂದ ತಂದು, ಅದರದ್ದು ಬಿಚ್ಚಿ ಇದಕ್ಕೆ ಹಾಕಿ ಹೇಗೋ ನಡೆಸುತ್ತಿದ್ದಾರೆ. ಜನ ಜಾಸ್ತಿ ಬಂದರೆ ಇರುವುದೂ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಗಿರಾಕಿ ಬೇಡ ಅನ್ನುವ ಅಂಗಡಿ ನಾನು ನೋಡಿದ್ದು ಇದೇ ಮೊದಲು. ಮೈಸೂರಿನ ಶಿವರಾಂಪೇಟೆಯಲ್ಲಿ ಹಳೆ ಕ್ಯಾಸೆಟ್ ಕೆಲಸ ಮಾಡುವವರು ಯಾರು ಅಂತ ಕೇಳಿದರೆ ತೋರಿಸುತ್ತಾರೆ, ಅಷ್ಟು ಸಾಕು.

ನಾನು ತೆಗೆದುಕೊಂಡು ಹೋಗಿದ್ದು ಒಂದು ಬಿಗ್ ಶಾಪರ್ ತುಂಬ. ಅಕ್ಕನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ (ಆ ಕಾಲದ ದೊಡ್ಡ ವಿಡಿಯೊ ಕ್ಯಾಸೆಟ್), 1996ರದು. ಅಮ್ಮನ ಅಮ್ಮ ಸೋಬಾನೆ ಪದ ಹೇಳಿದ ಆಡಿಯೊ ಕ್ಯಾಸೆಟ್. ನನ್ನ ಮದುವೆಯ ವಿಸಿಡಿಗಳು, ಅಂದರೆ ವಿಡಿಯೊ ಸಿಡಿ. ಮಗುವಿನ ನಾಮಕರಣದ ಮಿನಿ ಡಿವಿ, ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾದ ಪುಟ್ಟ ಕ್ಯಾಸೆಟ್. ಜೊತೆಗೆ ಒಂದು ಡಬ್ಬಿ ಫ್ಲಾಪಿ. ಒಂದೇ ಮನೆಯ ವಸ್ತು, ಐದಕ್ಕೂ ಐದು ಬೇರೆ ಬೇರೆ ಮೆಷಿನ್ ಬೇಕು, ಐದರಲ್ಲಿ ಒಂದೂ ಈಗ ನಮ್ಮ ಮನೆಯಲ್ಲಿಲ್ಲ.

1980ರ ಆಚೀಚೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವರಿದ್ದಾಗ ಊರಿನಲ್ಲಿ ಕಲರ್ ಟಿವಿ ಮತ್ತು ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ವಿಸಿಪಿ ಬಾಡಿಗೆಗೆ ಬರುತ್ತಿತ್ತು. ಒಂದು ರಾತ್ರಿಗೆ ಇಷ್ಟು ಅಂತ. ಕೊಟ್ಟ ದುಡ್ಡು ಪೂರ್ತಿ ವಸೂಲಾಗಬೇಕಲ್ಲ, ಬೆಳಗಿನ ಜಾವದವರೆಗೆ ಮೂರು ಸಿನಿಮಾ, ಎರಡನೆಯದಕ್ಕೇ ಅರ್ಧ ಊರು ಜಗಲಿಯ ಮೇಲೆ ನಿದ್ದೆ. ಆಮೇಲೆ ಪೇಟೆಯ ಕ್ಯಾಸೆಟ್ ಅಂಗಡಿಗೆ ಹಾಡಿನ ಪಟ್ಟಿ ಬರೆದುಕೊಟ್ಟು ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಂಡು ಬರುವ ಕಾಲ. ಆಮೇಲೆ ಕಂಪ್ಯೂಟರ್ ಕ್ಲಾಸು: ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು ಎಸಿ ರೂಮಿಗೆ ಹೋಗಬೇಕು, ಡಾಸ್ ಕಮಾಂಡ್‌ಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಬೇಕು, ನಾವು ಪರೀಕ್ಷೆ ಪಾಸಾಗುವಷ್ಟರಲ್ಲಿ ಎಲ್ಲ ಕಡೆ ವಿಂಡೋಸ್ ಬಂದು ಕೂತಿರುತ್ತಿತ್ತು. ಸಿಡಿ, ಡಿವಿಡಿ, ಪೆನ್ ಡ್ರೈವ್, ಮೆಮೊರಿ ಕಾರ್ಡ್. ಪ್ರತಿ ಸಲವೂ ಮಾರುವವನು ಹೇಳುತ್ತಿದ್ದ ಮಾತು ಒಂದೇ: 'ಇದು ಲೈಫ್‌ಟೈಮ್ ಸರ್.' ಯಾರ ಲೈಫ್ ಅಂತ ಮಾತ್ರ ಹೇಳುತ್ತಿರಲಿಲ್ಲ.

ಸರಿ, ಅಂಗಡಿ ವಿಷಯಕ್ಕೆ ಬರುತ್ತೇನೆ.

ಮೆಟ್ಟಿಲು ಹತ್ತಿ ಹೋಗಬೇಕು, ಮಹಡಿಯ ಮೇಲೆ ಒಂದು ಸಣ್ಣ ರೂಮು. ವಯಸ್ಸಾದವರಿಗೆ ಕಷ್ಟ, ಮೆಟ್ಟಿಲು ಕಡಿದಾಗಿದೆ. ಯಜಮಾನರು ಮೊದಲು ಮದುವೆ ವಿಡಿಯೊ ತೆಗೆಯುತ್ತಿದ್ದವರು. ಹೆಗಲ ಮೇಲೆ ಇಟ್ಟುಕೊಳ್ಳುವ ವಿಎಚ್‌ಎಸ್ ಕ್ಯಾಮೆರಾ, ಹಿಂದೆ ಲೈಟ್ ಹಿಡಿದುಕೊಂಡ ಹುಡುಗ, ಕಣ್ಣು ಬಿಡಲಾಗದಂಥ ಆ ಬಿಳಿ ಬೆಳಕು, ನೆನಪಿದೆ ಅಲ್ವಾ? ಆ ಕಾಲದವರು. ಕಂಪ್ಯೂಟರ್ ಕೆಲಸವೆಲ್ಲ ಮಗಳದ್ದು. ಅಪ್ಪ ಮೌಸ್ ಮುಟ್ಟುವುದಿಲ್ಲ, ಮಗಳು ವಿಸಿಆರ್ ಮುಟ್ಟುವುದಿಲ್ಲ. ಇಬ್ಬರಲ್ಲಿ ಒಬ್ಬರು ಊಟಕ್ಕೆ ಹೋದರೆ ಕೆಲಸ ನಿಂತಂತೆಯೇ.

ಯಜಮಾನರು ಕ್ಯಾಸೆಟ್ ತೆಗೆದುಕೊಂಡು ಮೊದಲು ಮಾಡಿದ್ದೇನು ಅಂದರೆ, ಪಕ್ಕದ ಚಿಕ್ಕ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ ಟೇಪನ್ನು ಬೆಳಕಿಗೆ ಹಿಡಿದರು. ಸುತ್ತಿದ ಟೇಪಿನ ಅಂಚಿನಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಬೂಷ್ಟು. 'ಇದನ್ನ ಹಂಗೇ ಹಾಕ್ಬಿಟ್ರೆ ನಿಮ್ಮ ಮದುವೆ ಬೂಷ್ಟು ಮುಂದಿನವರ ಮದುವೆಗೂ ಹತ್ತುತ್ತೆ' ಅಂದರು. ತಮಾಷೆಗಲ್ಲ. ವಿಸಿಆರ್ ಒಳಗೆ ಹೆಡ್ ಇರುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಟೇಪು ಅದಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ಬೂಷ್ಟು ಹೆಡ್‌ಗೆ ಮೆತ್ತಿದರೆ ಪರದೆಯ ತುಂಬ ಹಿಮ ಬಿದ್ದ ಹಾಗೆ ಕಾಣುತ್ತದೆ, ಮೇಲಾಗಿ ಆ ಮೆಷಿನ್‌ನಲ್ಲಿ ಆಮೇಲೆ ಹಾಕುವ ಕ್ಯಾಸೆಟ್ಟೂ ಕೆಡುತ್ತದೆ.

ಮನೆಯಲ್ಲಿ ಎಲ್ಲಾದರೂ ವಿಸಿಆರ್ ಇದ್ದು, ಹಳೆ ಕ್ಯಾಸೆಟ್ ಸುಮ್ನೆ ಒಂದು ಸಲ ಹಾಕಿ ನೋಡೋಣ ಅಂತ ಇದ್ದರೆ, ದಯವಿಟ್ಟು ಬೇಡ. ಮೊದಲು ಮುಚ್ಚಳ ಎತ್ತಿ ನೋಡಿ.

ಅವರು ಕ್ಯಾಸೆಟ್‌ನ ಐದು ಸ್ಕ್ರೂ ಬಿಚ್ಚಿ, ಎರಡು ಚಕ್ರ ಹೊರತೆಗೆದು, ತಾವೇ ಮಾಡಿಕೊಂಡ ಒಂದು ಮರದ ಹಲಗೆಯ ಮೇಲೆ ಕೂರಿಸಿದರು. ಆ ಕಡೆಯಿಂದ ಈ ಕಡೆಗೆ ಕೈಯಲ್ಲೇ ಸುತ್ತುವುದು, ನಡುವೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನಯವಾದ ಬಟ್ಟೆ. ಇಡೀ ಟೇಪು. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಸುಮಾರು ಕಾಲು ಕಿಲೋಮೀಟರ್ ಉದ್ದದ ಟೇಪು ಇರುತ್ತದೆ. ಇದಕ್ಕೆ ತೆಗೆದುಕೊಂಡಿದ್ದು 200 ರೂಪಾಯಿ. ನನಗಂತೂ ಆ ದುಡ್ಡು ಕೊಡಲು ನಾಚಿಕೆಯಾಯಿತು.

ಆಮೇಲೆ ಕ್ಯಾಪ್ಚರ್. ಇದಕ್ಕೆ ಅಡ್ಡದಾರಿ ಇಲ್ಲ. ಮೂರು ಗಂಟೆಯ ಮದುವೆಗೆ ಮೂರು ಗಂಟೆ ಬೇಕೇ ಬೇಕು, ವಿಸಿಆರ್ ಓಡುತ್ತಿರಬೇಕು, ಕಂಪ್ಯೂಟರ್ ಬರೆದುಕೊಳ್ಳುತ್ತಿರಬೇಕು. ಫೋನಿನಲ್ಲಿ ಎರಡು ನಿಮಿಷದಲ್ಲಿ ಸಿನಿಮಾ ಡೌನ್‌ಲೋಡ್ ಮಾಡುವವರು ಇಲ್ಲಿ ಬಂದು 'ಬೇಗ ಆಗಲ್ವಾ ಅಂಕಲ್' ಅಂತ ಕೇಳುತ್ತಾರಂತೆ. ಇನ್ನು ಕೆಲವರು ಈಗಿನ ಟಿವಿಯ ಹಾಗೆ ಸ್ಪಷ್ಟವಾಗಿ ಕಾಣುವಂತೆ ಫೋರ್ ಕೆ ಮಾಡಿಕೊಡಿ ಅನ್ನುತ್ತಾರಂತೆ. ನಮ್ಮ ದೇಶದ ಹಳೆ ಟಿವಿಗಳ ಪಾಲ್ ಪದ್ಧತಿಯಲ್ಲಿ ಪರದೆಯ ಮೇಲೆ ಕಾಣುವ ಗೆರೆಗಳೇ 576, ಸೆಕೆಂಡಿಗೆ 25 ಚಿತ್ರ. ಅದರಲ್ಲೂ ವಿಎಚ್‌ಎಸ್ ಟೇಪಿನಲ್ಲಿ ಅಡ್ಡಡ್ಡ ಹಿಡಿಯುವ ವಿವರ ಸುಮಾರು 240 ಗೆರೆಯಷ್ಟು ಮಾತ್ರ. ಇಲ್ಲದ್ದನ್ನು ಎಲ್ಲಿಂದ ತರುವುದು? ಮಗಳು ಎಐ ಹಾಕಿ ಒಂದು ನಿಮಿಷದ ಸ್ಯಾಂಪಲ್ ಮಾಡಿ ತೋರಿಸಿದಳು. ನಮ್ಮ ಸೋದರತ್ತೆಯ ಮುಖ ಎಷ್ಟು ನುಣ್ಣಗಾಯಿತು ಅಂದರೆ ಅದು ಯಾರೋ ಬೇರೆಯವರ ಸೋದರತ್ತೆ. ಸೀರೆಯ ಅಂಚಿನ ಚೌಕುಳಿ ಪೂರ್ತಿ ಮಾಯ. ಇದಕ್ಕೆ ಬೇರೆ ರೇಟು ಇದೆ, ಆದರೆ ಅವರೇ 'ಬೇಡ, ಇರೋ ಹಾಗೇ ಇರಲಿ' ಅಂದರು. ಮಾರುವ ಕಡೆಯಿಂದ ಇಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತು!

ಆಡಿಯೊ ಕ್ಯಾಸೆಟ್‌ನ ಕೆಲಸ ಇದೆಯಲ್ಲ, ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದರೂ ಅದಕ್ಕಾಗಿ ನಾನು ಎರಡು ಜಾಸ್ತಿ ಕೊಡಬೇಕಿತ್ತು.

ಅದು ಮಾವ ಊರಿನಲ್ಲಿ ರೆಕಾರ್ಡ್ ಮಾಡಿದ್ದು. ಕರೆಂಟ್ ಇರುತ್ತಿರಲಿಲ್ಲ, ಟೇಪ್ ರೆಕಾರ್ಡರ್‌ಗೆ ನಾಲ್ಕು ದೊಡ್ಡ ಸೆಲ್. ಸೆಲ್ ವೀಕ್ ಆದರೆ ಬಿಸಿಲಿಗಿಟ್ಟು ಮತ್ತೆ ಹಾಕುವುದು, ಎಲ್ಲರ ಮನೆಯಲ್ಲೂ ಅದೇ ಪದ್ಧತಿ. ಅಂಥ ಸೆಲ್‌ನಲ್ಲಿ ರೆಕಾರ್ಡ್ ಮಾಡಿದರೆ ಮೋಟರ್ ನಿಧಾನವಾಗಿ ತಿರುಗಿರುತ್ತದೆ. ಕ್ಯಾಸೆಟ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ರೆಕಾರ್ಡ್ ಆಗುವಾಗ ಅದಕ್ಕಿಂತ ನಿಧಾನ ಓಡಿದ್ದನ್ನು ಈಗ ಸರಿಯಾದ ಮೆಷಿನ್‌ನಲ್ಲಿ ಹಾಕಿದರೆ ಏನಾಗುತ್ತದೆ? ಎಲ್ಲ ಬೇಗ ಬೇಗ, ದನಿ ಕೀಚಲು. ಅಜ್ಜಿ ಎಂಟು ವರ್ಷದ ಹುಡುಗಿ ಥರ ಹಾಡುತ್ತಿದ್ದಾಳೆ.

ಮನೆಯಲ್ಲಿ ಎಲ್ಲರೂ ಟೇಪು ಕೆಟ್ಟಿದೆ ಅಂತಲೇ ಅಂದುಕೊಂಡಿದ್ದೆವು. ಯಜಮಾನರ ಮಗಳು ಎರಡು ಸಾಲು ಕೇಳಿದವಳೇ 'ಕೆಟ್ಟಿಲ್ಲ, ಸ್ಪೀಡ್ ಹೆಚ್ಚುಕಮ್ಮಿ ಆಗಿದೆ. ಅವರ ದನಿ ಗೊತ್ತಿರೋರು ಯಾರಾದ್ರೂ ಇದ್ದಾರಾ?' ಅಂದಳು. ಮರುದಿನ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಫೋನಿನಲ್ಲಿ ಹಸಿರು ಗುಂಡಿ ಕೆಂಪು ಗುಂಡಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಮೊಮ್ಮಕ್ಕಳು ಕಲಿಸಲು ಬಂದರೆ 'ನನಗ್ಯಾಕೆ ಬಿಡ್ರೋ' ಅಂತ ಎದ್ದು ಹೋಗುತ್ತಾರೆ. ಇಲ್ಲಿ ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿ ಕೂರಿಸಿ ಹೆಡ್‌ಫೋನ್ ಕೊಟ್ಟಳು.

'ಅಮ್ಮಾ, ಈಗ ಸರಿನಾ?'

'ಇಲ್ಲ ಕಣಮ್ಮ, ಇನ್ನೂ ಸ್ವಲ್ಪ ದಪ್ಪ ಮಾಡು.'

'ಈಗ?'

'ಈಗ ಜಾಸ್ತಿ ಆಯ್ತು. ಗಂಡಸಿನ ದನಿ ಆಯ್ತು. ಒಂಚೂರು ಹಿಂದಕ್ಕೆ ಹೋಗು.'

ಹೀಗೇ ನಡೆಯಿತು. ಒಂದು ಸಲ ಸರಿ ಮಾಡಿದರೆ ಮುಗಿಯುವ ಕೆಲಸವೂ ಅಲ್ಲ ಅದು. ಹಾಡು ಮುಂದೆ ಹೋದಷ್ಟೂ ಸೆಲ್ ಇಳಿದಿದೆ, ದನಿ ಮತ್ತೆ ಮತ್ತೆ ಏರುತ್ತದೆ. ಹಸೆಗೆ ಕರೆಯುವ ಪದದಲ್ಲಿ ಸ್ವಲ್ಪ ನಿಧಾನ ಮಾಡಿದರೆ ಸಾಕಾಗಿತ್ತು, ಕೊನೆಯಲ್ಲಿ ಹೆಣ್ಣೊಪ್ಪಿಸುವ ಪದಕ್ಕೆ ಬರುವಾಗ ಅದರ ಎರಡರಷ್ಟು ಬೇಕಾಯಿತು. ತುಂಡು ತುಂಡು ಮಾಡಿ ಪ್ರತಿಯೊಂದಕ್ಕೂ ಅಮ್ಮನನ್ನು ಕೇಳಿ ಕೇಳಿ ಹಾಕಿದಳು. ನಡುವೆ ಎಲ್ಲೋ ಹಿಂದೆ ಒಂದು ಕೆಮ್ಮು ಕೇಳಿಸಿತು. ನಾನು ಅದನ್ನು ಗದ್ದಲ ಅಂದುಕೊಂಡಿದ್ದೆ. ಅಮ್ಮ ತಟ್ಟನೆ 'ಅಪ್ಪ' ಅಂದರು. ಆಮೇಲೆ ಆ ಹುಡುಗಿಗೇ ಹೇಳಿದರು, 'ಈಗ ಸರಿಯಾಗಿದೆ ನೋಡು, ನಮ್ಮಪ್ಪ ಕೆಮ್ಮುತ್ತಿದ್ದದ್ದು ಹಿಂಗೇ.' ಅಲ್ಲಿಂದ ಮುಂದೆ ಸ್ಪೀಡ್ ನೋಡಲು ಕೆಮ್ಮೇ ಅಳತೆ ಆಯಿತು. ಅಷ್ಟು ಹೊತ್ತು ಕೂತಿದ್ದಕ್ಕೆ ಬೇರೆ ಚಾರ್ಜ್ ಹಾಕಲಿಲ್ಲ, ಕ್ಯಾಸೆಟ್‌ಗೆ ಹೇಳಿದ್ದ 300 ರೂಪಾಯಿಯೇ.

ಬಿ ಸೈಡ್‌ನಲ್ಲಿ ಇನ್ನೂ ಎರಡು ಪದ ಇತ್ತಂತೆ. ಅದರ ಮೇಲೆ ಮಾವ ರೇಡಿಯೊದಿಂದ ಚಿತ್ರಗೀತೆ ತುಂಬಿಸಿಕೊಂಡಿದ್ದಾರೆ. ಕ್ಯಾಸೆಟ್ ಮೇಲ್ಭಾಗದ ಆ ಚಿಕ್ಕ ಪ್ಲಾಸ್ಟಿಕ್ ಚೂರು ಮುರಿದಿಟ್ಟಿದ್ದರೆ ಬೇರೆ ರೆಕಾರ್ಡ್ ಆಗುತ್ತಿರಲಿಲ್ಲ. ಹೋಗಲಿ.

ವಿಸಿಡಿ ವಿಷಯ ಬೇಗ ಮುಗಿಸುತ್ತೇನೆ. ನನ್ನ ಮದುವೆ ಮೂರು ಡಿಸ್ಕಿನಲ್ಲಿತ್ತು, ಒಂದು ಡಿಸ್ಕಿಗೆ ಹೆಚ್ಚೆಂದರೆ 80 ನಿಮಿಷ. ಮನೆಯಲ್ಲಿರುವ ಯಾವ ಲ್ಯಾಪ್‌ಟಾಪಿಗೂ ಡಿಸ್ಕ್ ಹಾಕುವ ಜಾಗವೇ ಇಲ್ಲ. ಎರಡು ಸರಿಯಾಗಿ ಓದಿಸಿಕೊಂಡವು, ಧಾರೆ ಇದ್ದ ಡಿಸ್ಕ್ ಓದಲಿಲ್ಲ. ಬರೆಯುವ ಸಿಡಿಯಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಅಗ್ಗದ ಡಿಸ್ಕಿನಲ್ಲಿ ಅದು ಬಿಸಿಲು ಬಿಸಿಗೆ ಮಾಸುತ್ತದೆ. 1996ರ ಟೇಪು ಬೂಷ್ಟು ಹಿಡಿದೂ ಬದುಕಿದೆ, ಅದಕ್ಕಿಂತ ಎಷ್ಟೋ ಆಮೇಲೆ ಬಂದ 'ಲೈಫ್‌ಟೈಮ್' ಡಿಸ್ಕ್ ಸತ್ತಿದೆ. ಹೆಂಡತಿಗೆ ಹೇಳಿದರೆ 'ಧಾರೆನೇ ಹೋಯ್ತಾ, ಹಾಗಾದ್ರೆ ನಾನು ಫ್ರೀ' ಅಂದಳು.

ಫ್ಲಾಪಿಗೆ ಅವರ ಹತ್ತಿರ ಯುಎಸ್‌ಬಿ ಡ್ರೈವ್ ಇದೆ. ಒಂದು ಫ್ಲಾಪಿಗೆ 1.44 ಎಂಬಿ, ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದು ಕಷ್ಟ. ಅರ್ಧಕ್ಕರ್ಧ ಓದಲಿಲ್ಲ. ಓದಿದ್ದರಲ್ಲಿ ಕಾಲೇಜಿನ ಗೋಡೆಪತ್ರಿಕೆಗೆ ನಾನು ಕನ್ನಡದಲ್ಲಿ ಟೈಪ್ ಮಾಡಿದ ಬರಹಗಳಿದ್ದವು. ತೆರೆದರೆ ಒಂದಕ್ಷರ ಕನ್ನಡ ಇಲ್ಲ, ತಲೆಯ ಮೇಲೆ ಚುಕ್ಕೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಪದ್ಧತಿ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು, ಆ ಫಾಂಟ್ ಇಲ್ಲದಿದ್ದರೆ ಹೀಗೇ. ಮಗಳು ಯಾವುದೋ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಟ್ಟಳು. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾರಿವೆ, ಓದಬಹುದು. ಇದು ಅಂಗಡಿಯ ಬೋರ್ಡಿನಲ್ಲಿಲ್ಲದ ಕೆಲಸ, ಕೇಳಿದರೆ ಮಾಡುತ್ತಾರೆ. ಬರಹದ ಬಗ್ಗೆ ಏನೂ ಹೇಳುವುದಿಲ್ಲ, ಕೆಲವು ಫ್ಲಾಪಿ ಓದದೇ ಇದ್ದದ್ದು ಸಾಹಿತ್ಯಕ್ಕೆ ಒಳ್ಳೆಯದೇ ಆಯಿತು.

ಈಗ ಸ್ಟಾರ್ ಯಾಕೆ ಕಟ್ ಮಾಡಿದೆ ಅಂತ.

ಒಂದನೆಯದು ಸಮಯ. ವಾರದಲ್ಲಿ ಕೊಡುತ್ತೇನೆ ಅಂದವರು ತಿಂಗಳ ಮೇಲೆ ತೆಗೆದುಕೊಂಡರು. ಫೋನ್ ಮಾಡಿದರೆ 'ನಾಳೆ ಬನ್ನಿ.' ಆ ನಾಳೆಗೂ ಒಂದು ನಾಳೆ. ಮೆಷಿನ್ ಕಡಿಮೆ, ಕೆಲಸ ನಿಧಾನದ್ದು, ಎಲ್ಲ ಒಪ್ಪುತ್ತೇನೆ, ಆದರೆ ಮೊದಲೇ ಒಂದು ತಿಂಗಳು ಅಂತ ಹೇಳಿದರೆ ಯಾರು ಬೇಡ ಅನ್ನುತ್ತಾರೆ?

ಎರಡನೆಯದು ನನಗೆ ನಿಜಕ್ಕೂ ಸಿಟ್ಟು ಬಂದದ್ದು. ಅಕ್ಕನ ಮದುವೆಯ ಫೈಲ್ ತೆರೆದರೆ ಮೊದಲು ಕಾಣುವುದು ಇವರ ಅಂಗಡಿಯ ಹೆಸರು! ಗುಲಾಬಿ ಹೂವು ಉದುರುತ್ತದೆ, ಹಿಂದೆ ಕೊಳಲು, ಆಮೇಲೆ ಫೋನ್ ನಂಬರ್. ಗಿರಾಕಿ ಬೇಡ ಅನ್ನುವವರಿಗೆ ಜಾಹೀರಾತು ಯಾಕೆ ಅಂತ ಕೇಳಿದೆ. ಯಜಮಾನರು ನಕ್ಕು 'ಅಭ್ಯಾಸ ಸಾರ್' ಅಂದರು. ಮೂವತ್ತು ವರ್ಷದ ಹಿಂದಿನ ಮದುವೆ ವಿಡಿಯೊದ ಕೈ ಇನ್ನೂ ಬಿಟ್ಟಿಲ್ಲ. ಮಗಳು ತೆಗೆದುಕೊಟ್ಟಳು. ನೀವು ಇದು ಬೇಡ ಅಂತ ಮೊದಲೇ ಹೇಳಿ. ಬಣ್ಣವೂ ಸ್ವಲ್ಪ ಜಾಸ್ತಿ ಮಾಡಿದ್ದರು, ಅಕ್ಷತೆ ಎಲ್ಲ ಕಿತ್ತಳೆ ಬಣ್ಣ. ಇನ್ನು ಫೈಲ್‌ಗಳ ಹೆಸರು: ವಿಡಿಯೊ ಒಂದು, ವಿಡಿಯೊ ಎರಡು, ವಿಡಿಯೊ ಎರಡು ಹೊಸದು. ಯಾವುದು ಯಾವ ಮದುವೆ ಅಂತ ತೆರೆದೇ ನೋಡಬೇಕು.

ಆದರೆ ಕೊಡುವಾಗ ಹೇಳಿಕೊಡುತ್ತಾರೆ, ಅದು ಬೇರೆಲ್ಲೂ ಸಿಗುವುದಿಲ್ಲ. ನಮ್ಮ ಟಿವಿಗೆ ಪೆನ್ ಡ್ರೈವ್ ಹಾಕಿದರೆ ಓಡಬೇಕು ಅಂದೆ. ಯಜಮಾನರ ಮಗಳು ಟಿವಿ ಎಷ್ಟು ಹಳೆಯದು ಅಂತ ಕೇಳಿ, ಫೈಲನ್ನು ನಾಲ್ಕು ಜಿಬಿಗಿಂತ ಚಿಕ್ಕ ತುಂಡು ಮಾಡಿಕೊಟ್ಟಳು. ಹಳೆ ಟಿವಿಗಳು ಓದುವುದು ಫ್ಯಾಟ್ 32 ಅನ್ನುವ ಹಳೆ ಫಾರ್ಮ್ಯಾಟ್, ಅಂಥ ಪೆನ್ ಡ್ರೈವ್‌ನಲ್ಲಿ ಅದಕ್ಕಿಂತ ದೊಡ್ಡ ಫೈಲ್ ಕೂರುವುದೇ ಇಲ್ಲ. ಇದನ್ನು ಮನೆಯಲ್ಲಿ ಕಂಡುಹಿಡಿಯಬೇಕು ಅಂದರೆ ಒಂದು ಭಾನುವಾರ ಹೋಗುತ್ತದೆ, ಕೊನೆಗೆ 'ಪಪ್ಪಾ, ನಿಂಗೆ ಏನೂ ಗೊತ್ತಾಗಲ್ಲ' ಅನ್ನಿಸಿಕೊಳ್ಳುವುದು ಬೇರೆ. ಅವಳು ಹೇಳುವಾಗ ಆ ಧಾಟಿ ಇರುವುದಿಲ್ಲ. ಅವಳ ಅಪ್ಪನ ಜೊತೆ ದಿನಾ ಅಭ್ಯಾಸ ಆಗಿದೆ ಅನ್ನಿಸುತ್ತದೆ.

ಪೆನ್ ಡ್ರೈವ್ ಒಂದನ್ನೇ ನಂಬಿ ಬೀರುವಿನಲ್ಲಿಡಬೇಡಿ, ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಅದರಲ್ಲಿರುವುದೂ ಅಳಿಸಿಹೋಗಬಹುದು, ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಕಾಪಿ ಇಡಿ ಅಂದಳು. ಗೂಗಲ್ ಫೋಟೋಸ್‌ಗೆ ಹಾಕೋಣ ಅಂದೆ. 2021ರ ಜೂನ್‌ನಿಂದ ಅಲ್ಲೂ ಲೆಕ್ಕ ಶುರುವಾಗಿದೆ ಅಲ್ವಾ, ಮೇಲ್, ಡ್ರೈವ್ ಎಲ್ಲ ಸೇರಿ ಪುಕ್ಕಟೆ 15 ಜಿಬಿ, ಅದು ನನ್ನದು ಗುಡ್ ಮಾರ್ನಿಂಗ್ ಫೋಟೊಗಳಿಂದಲೇ ತುಂಬಿದೆ. ಯೂಟ್ಯೂಬ್‌ಗೆ ಹಾಕುವುದಾದರೆ ಇನ್ನೊಂದು ತಾಪತ್ರಯ: ಆ ಕಾಲದ ಮದುವೆ ವಿಡಿಯೊಗೆಲ್ಲ ಮಿಕ್ಸಿಂಗ್ ಅಂತ ಸಿನಿಮಾ ಹಾಡು ಹಾಕಿರುತ್ತಾರೆ, ಯೂಟ್ಯೂಬ್ ಅದನ್ನು ಗುರುತು ಹಿಡಿದು ಹಾಡಿನ ಕಂಪನಿಯ ಪರವಾಗಿ ತಕರಾರು ತೆಗೆಯುತ್ತದೆ, ಎಷ್ಟೋ ಸಲ ಸದ್ದೇ ಬಂದ್. ಅಕ್ಕ ಹೊಸಿಲು ದಾಟುವ ಹೊತ್ತಿಗೆ ಸರಿಯಾಗಿ ಮೌನವಾದರೆ ಚೆನ್ನಾಗಿರುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ, ಎರಡು ಜಿಬಿವರೆಗೆ ಹೋಗುತ್ತದೆ, ಹಿಂಡಿ ಹಿಪ್ಪೆ ಮಾಡುವುದಿಲ್ಲ. ಇದನ್ನೆಲ್ಲ ಒಂದು ಚೀಟಿಯ ಮೇಲೆ ಬರೆದುಕೊಟ್ಟಳು, ಕೈಬರಹದಲ್ಲಿ. ಆ ಚೀಟಿಯ ಫೋಟೊ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೊಗಿಂತ ಜಾಸ್ತಿ ಓಡಾಡುತ್ತಿದೆ.

ಇನ್ನೊಂದು ಮಾತು. ಕೆಲಸ ಆದಮೇಲೆ ಕ್ಯಾಸೆಟ್‌ಗಳನ್ನು ಎಸೆಯಬೇಡಿ ಅಂತ ಯಜಮಾನರು ಒತ್ತಿ ಹೇಳಿದರು. ಟೇಪು ನಿಲ್ಲಿಸಿಡಿ, ಮಲಗಿಸಬೇಡಿ, ಗೋಡೆಯ ತೇವ ತಾಗದ ಕಡೆ ಇಡಿ, ಪೂರ್ತಿ ಒಂದೇ ಕಡೆಗೆ ಸುತ್ತಿಡಿ. ಮುಂದೆ ಇನ್ನೂ ಚೆನ್ನಾಗಿ ತೆಗೆಯುವವರು ಯಾರಾದರೂ ಸಿಗಬಹುದು ಅನ್ನುವುದು ಅವರ ವಾದ. ಬೂಷ್ಟು ಹಿಡಿದ ಟೇಪು ಇಷ್ಟೊಂದು ವರ್ಷ ಆದಮೇಲೂ ಮಾತಾಡಿದ್ದನ್ನು ನೋಡಿರುವುದರಿಂದ ನಾನು ಎದುರು ಮಾತಾಡಲಿಲ್ಲ.

ರೇಟು: ವಿಎಚ್‌ಎಸ್‌ಗೆ 500, ಬೂಷ್ಟು ಒರೆಸಲು 200, ಆಡಿಯೊ ಕ್ಯಾಸೆಟ್‌ಗೆ 300, ಸಿಡಿಗೆ 100. ಪೆನ್ ಡ್ರೈವ್ ನೀವೇ ತೆಗೆದುಕೊಂಡು ಹೋಗಿ, ಅವರ ಹತ್ತಿರ ಜಾಸ್ತಿ ಬೀಳುತ್ತದೆ. ಯುಪಿಐ ಇದೆ, ಆದರೆ ಸ್ಕ್ಯಾನರ್ ಮಗಳ ಫೋನಿನದು, ಅವಳಿಲ್ಲದಿದ್ದರೆ ಕ್ಯಾಶ್. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹೋಗಬೇಡಿ. ಪ್ರತಿ ಕ್ಯಾಸೆಟ್ ಮೇಲೂ ಯಾರದು, ಯಾವ ವರ್ಷ ಅಂತ ಚೀಟಿ ಅಂಟಿಸಿಕೊಂಡು ಹೋಗಿ, ಇಲ್ಲದಿದ್ದರೆ ಬೇರೆ ಯಾರದೋ ಗೃಹಪ್ರವೇಶ ನಿಮ್ಮ ಮನೆಗೆ ಬಂದೀತು.

ನಾಮಕರಣದ ಮಿನಿ ಡಿವಿ ಇನ್ನೂ ಅಲ್ಲೇ ಇದೆ. ಅದನ್ನು ತೆಗೆಯಲು ಅದೇ ಜಾತಿಯ ಕ್ಯಾಮೆರಾ ಬೇಕು, ಫೈರ್‌ವೈರ್ ಕೇಬಲ್ ಬೇಕು, ಆ ಕೇಬಲ್ ಚುಚ್ಚುವ ಜಾಗ ಇರುವ ಹಳೆ ಕಂಪ್ಯೂಟರ್ ಬೇಕು. ಕೇಬಲ್, ಕಂಪ್ಯೂಟರ್ ಎರಡೂ ಅವರ ಹತ್ತಿರ ಇವೆ. ಕ್ಯಾಮೆರಾ ಕ್ಯಾಸೆಟ್ ನುಂಗುತ್ತಿದೆ, ವಾಪಸ್ ಕೊಡುತ್ತಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಸುಸ್ಥಿತಿಯಲ್ಲಿರುವ ಮಿನಿ ಡಿವಿ ಕ್ಯಾಮೆರಾ ಇದ್ದು ಮಾರುವ ಮನಸ್ಸಿದ್ದರೆ ಶಿವರಾಂಪೇಟೆಗೆ ಹೋಗಿ ಅವರಿಗೆ ತೋರಿಸಿ. ಚಾರ್ಜರ್ ಮರೆಯದೆ ತೆಗೆದುಕೊಂಡು ಹೋಗಿ, ಅದರ ಪಿನ್ನೂ ಬೇರೆ.